ಲೂವ್ರ್ ಚಿತ್ರಶಾಲೆಯಲ್ಲಿ ಒಬ್ಬ ಮಾರ್ಗದರ್ಶಿಯೊಡನೆ

ದೊಡ್ಡದೊಂದು ಚಿತ್ರಶಾಲೆಯನ್ನು ನೋಡಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ‘ಎಲ್ಲವನ್ನೂ ನೋಡಿದೆವು’ ಎನ್ನುವವರು ಕೆಲವರು. ‘ನೋಡಿ ನೋಡಿ ಕಾಲು ಬಿದ್ದುಹೋಯಿತು’ ಎನ್ನುವವರು ಕೆಲವರು. ವಿಚಾರಿಸಿ ನೋಡಿದರೆ ಎರಡು ಉತ್ತರಗಳ ತಾತ್ಪರ್ಯವೂ ಒಂದೇ ಎಂದು ತೋರುತ್ತದೆ. 2024ನೆಯ ಇಸವಿಯ ಮೇ ತಿಂಗಳಲ್ಲಿ ಪ್ಯಾರಿಸ್ ನಗರದ ಲೂವ್ರ್ ಚಿತ್ರಶಾಲೆಯಿಂದ ಮೊದಲ ದಿನ ಹೊರಗೆ ಬಂದಾಗ ನಾವು ಕೊಡಬಹುದಾಗಿದ್ದ ಉತ್ತರವೂ ಇದೇ. ಎರಡು ದಿನ ಕಳೆದ ಮೇಲೆ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು ಅದೇ ಚಿತ್ರಶಾಲೆಗೆ ಮತ್ತೆ ಹೋದೆವು. ಆ ಎರಡನೆಯ ಭೇಟಿಯ ವಿಷಯವಾಗಿ, ಮತ್ತು ಹಾಗೆ ಹಣ ಕೊಟ್ಟು ಇನ್ನೊಬ್ಬರ ನೆರವಿನಿಂದ ನೋಡುವುದರಲ್ಲಿ ಲಾಭವೇನು, ಅಪಾಯವೇನು ಎಂಬ ವಿಷಯವಾಗಿ ಕೆಲವು ಮಾತುಗಳನ್ನು ಈ ಹೊತ್ತು ಹೇಳಬೇಕೆಂದಿದ್ದೇವೆ.

ನಮ್ಮ ಜೊತೆಯಲ್ಲಿ ಬಂದಿದ್ದವರು ನಮ್ಮ ಸೋದರಮಾವನವರು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಯೂರೋಪಿನ ಶಿಲ್ಪವನ್ನೂ ಚಿತ್ರಗಳನ್ನೂ ಅವರು ಬಲ್ಲದ್ದೆಲ್ಲ ಪುಸ್ತಕದ ಪಟಗಳಿಂದ. ಅವುಗಳಲ್ಲಿ ಬಹುಪಾಲು ಬಣ್ಣವಿಲ್ಲದ, ಅಂಗೈಯಗಲದ ಪಟಗಳು. ಅವುಗಳನ್ನು ನೋಡಿ ತಾವು ಬರೆದು, ಹುಡುಗರ ಕೈಯಲ್ಲಿ ಬರೆಯಿಸಿ, ತಿದ್ದಿ, ಅವರು ಒಂದು ಆಯುಷ್ಯವನ್ನು ಕಳೆದಿದ್ದರು. ಮೂಲವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ಅಷ್ಟರಲ್ಲಿ ಮೊಣಕಾಲು ಕೆಟ್ಟಿತು. ದೂರದ ಪ್ರಯಾಣ ಇದೊಂದೇ ಸಾಕು, ಇನ್ನು ಬೇಡ ಎಂದು ವೈದ್ಯರು ಹೇಳಿ ಕಳುಹಿಸಿದ್ದರು. ಆದಕಾರಣ ‘ಈ ಸಲ ಆಗದಿದ್ದರೆ ಮುಂದಿನ ಸಲ’ ಎಂಬ ಸಮಾಧಾನ ನಮಗಿರಲಿಲ್ಲ.

ಮೊದಲನೆಯ ದಿನ ನಾವು ಮಾಡಿದ್ದು ಎಲ್ಲರೂ ಮಾಡತಕ್ಕದ್ದನ್ನೇ. ಬಾಗಿಲಲ್ಲಿ ನಕ್ಷೆಯೊಂದನ್ನು ತೆಗೆದುಕೊಂಡು, ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯವರೆಗೆ ನೋಡಿಬಿಡುವುದೆಂದು ಹೊರಟೆವು. ಲೂವ್ರ್‌ನ ಸಂಗ್ರಹದಲ್ಲಿರುವ ವಸ್ತುಗಳು ಸುಮಾರು ಐದು ಲಕ್ಷ. ಅವುಗಳಲ್ಲಿ ಜನರ ನೋಟಕ್ಕೆ ಇಟ್ಟಿರುವುದು ಸುಮಾರು 35,000. ಒಂದೊಂದಕ್ಕೆ ಹತ್ತು ಸೆಕೆಂಡಿನಂತೆ ಕೊಟ್ಟರೂ, ನಿಲ್ಲದೆ, ಉಣ್ಣದೆ, ನಡೆಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯದೆ, ದಿನಕ್ಕೆ ಒಂಬತ್ತು ಗಂಟೆಯಂತೆ ಹೆಚ್ಚುಕಡಿಮೆ ಹನ್ನೊಂದು ದಿನ ಬೇಕಾಗುತ್ತದೆ. ಈ ಲೆಕ್ಕವನ್ನು ನಾವು ಹೊರಡುವುದಕ್ಕೆ ಮುಂಚೆ ಮಾಡಬೇಕಾಗಿತ್ತು. ಮಾಡಿದ್ದು ಸಂಜೆ, ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. ಮಧ್ಯಾಹ್ನದ ವೇಳೆಗೆ ನಮ್ಮ ಮಾವನವರು ಒಂದು ಬೆಂಚಿನ ಮೇಲೆ ಕುಳಿತವರು, ‘ನೀವು ನೋಡಿಕೊಂಡು ಬನ್ನಿ, ನಾನಿಲ್ಲೇ ಇರುತ್ತೇನೆ’ ಎಂದುಬಿಟ್ಟರು. ಎದುರಿಗೆ ಯಾವ ಚಿತ್ರವಿದೆ ಎಂದು ಸಹ ಅವರು ತಲೆಯೆತ್ತಿ ನೋಡಲಿಲ್ಲ. ಸಾವಿರಾರು ಮೈಲಿ ದಾಟಿ ಬಂದ ಮನುಷ್ಯ ಹಾಗೆ ಕುಳಿತದ್ದನ್ನು ಕಂಡು ನಮಗೆ ಬಹಳ ವ್ಯಸನವಾಯಿತು.

ಮಾರ್ಗದರ್ಶಿಯ ಮಾತನ್ನು ಎತ್ತಿದಾಗ ಅವರು ಸುಲಭವಾಗಿ ಒಪ್ಪಲಿಲ್ಲ. ‘ಕಣ್ಣಿದ್ದವನಿಗೆ ಇನ್ನೊಬ್ಬನ ಕಣ್ಣೇಕೆ?’ ಎಂದರು. ಅವರ ಮನಸ್ಸಿನಲ್ಲಿ ಇದ್ದದ್ದು ನಮ್ಮಲ್ಲಿ ಕೆಲವು ಪ್ರಸಿದ್ಧ ದೇವಾಲಯಗಳ ಬಾಗಿಲಲ್ಲಿ ಕಾಣತಕ್ಕ ಒಂದು ಬಗೆಯ ಗೈಡುಗಳು. ‘ಇದು ಒಂದೇ ಕಲ್ಲು, ಇದು ತಿರುಗುತ್ತದೆ, ಇದರ ಬೆಲೆ ಇಷ್ಟು’ ಎಂದು ಪಾಠ ಒಪ್ಪಿಸುವಂತೆ ಒಪ್ಪಿಸಿ ಮುಂದಕ್ಕೆ ನೂಕುವವರು. ಆ ಭಯ ನಿರಾಧಾರವಾದದ್ದಲ್ಲ. ಅಂಥವರು ಎಲ್ಲ ದೇಶಗಳಲ್ಲಿಯೂ ಉಂಟು.

ಆದರೆ ಫ್ರಾನ್ಸಿನಲ್ಲಿ ಈ ವೃತ್ತಿಗೆ ಸರ್ಕಾರದ ಒಂದು ಕಟ್ಟುಪಾಡು ಇದೆ. ‘ಗೀದ್ ಕಾನ್ಫೆರಾಂಸಿಯೆ’ ಎಂದು ಇವರನ್ನು ಕರೆಯುತ್ತಾರೆ. ‘ಉಪನ್ಯಾಸ ಮಾಡತಕ್ಕ ಮಾರ್ಗದರ್ಶಿ’ ಎಂದು ಅದರ ಅರ್ಥ. ಇವರು ತಕ್ಕ ವಿದ್ಯಾಭ್ಯಾಸವನ್ನು ಮುಗಿಸಿ ಸರ್ಕಾರದ ಗುರುತಿನ ಚೀಟಿಯನ್ನು ಪಡೆದಿರಬೇಕು. ಪ್ರವಾಸದ ವ್ಯಾಪಾರಿಗಳು ಇಂಥ ಸಂಗ್ರಹಾಲಯಗಳಲ್ಲಿ ವಿವರಣೆಗೆಂದು ನೇಮಿಸತಕ್ಕವರು ಈ ಚೀಟಿಯುಳ್ಳವರೇ ಆಗಿರಬೇಕೆಂಬುದು ಅಲ್ಲಿನ ಕಾನೂನು. ನೋಡುವುದಕ್ಕೆ ಮೂರು ದಾರಿಗಳುಂಟು. ಹತ್ತಾರು ಜನರ ಗುಂಪಿನಲ್ಲಿ ಸೇರಿಕೊಂಡು ಒಬ್ಬರ ಹಿಂದೆ ಹೋಗುವುದು ಒಂದು. ಕಿವಿಗೆ ಹಚ್ಚಿಕೊಳ್ಳುವ ಧ್ವನಿಯಂತ್ರವನ್ನು ಬಾಡಿಗೆಗೆ ಪಡೆಯುವುದು ಇನ್ನೊಂದು. ನಮಗಾಗಿಯೇ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು ಮೂರನೆಯದು. ಖರ್ಚು ಮೂರನೆಯದಕ್ಕೆ ಹೆಚ್ಚು. ಆದರೆ ಅಲ್ಲಿ ಸಂಭಾವನೆಯನ್ನು ಸಾಮಾನ್ಯವಾಗಿ ಗಂಟೆಯ ಮೇಲೆ ಎಣಿಸುತ್ತಾರೆಯೇ ಹೊರತು ತಲೆಯ ಮೇಲೆ ಅಲ್ಲ. ನಾಲ್ಕೈದು ಜನ ಕೂಡಿದರೆ ಭಾರ ಹಂಚಿಹೋಗುತ್ತದೆ. ಪ್ರವೇಶದ ಟಿಕೆಟ್ಟು ಬೇರೆ. ನಾವು ಹೋದ ವರ್ಷ ಅದು 22 ಯೂರೋ ಇತ್ತು. ಯೂರೋಪಿನ ಹೊರಗಿನಿಂದ ಬರುವವರಿಗೆ 2026ರ ಜನವರಿಯಿಂದ 32 ಯೂರೋ ಎಂದು 2025ರಲ್ಲಿ ನಿಶ್ಚಯಮಾಡಿದರು.

ನಮಗೆ ದೊರೆತವರು ಐವತ್ತರ ಹತ್ತಿರದ ಒಬ್ಬ ಮಹಿಳೆ. ಗಾಜಿನ ಪಿರಮಿಡ್ಡಿನ ಕೆಳಗೆ, ಜನಸಂದಣಿಯಿಂದ ಸ್ವಲ್ಪ ಓರೆಯಾಗಿ ನಿಂತು, ಆಕೆ ಮೊದಲು ಕೇಳಿದ್ದು ನಮ್ಮ ಮಾವನವರ ಕಾಲಿನ ವಿಷಯ. ಎಷ್ಟು ಹೊತ್ತು ನಿಲ್ಲಬಲ್ಲರು, ಎಷ್ಟು ಮೆಟ್ಟಿಲು ಹತ್ತಬಲ್ಲರು ಎಂದು ವಿಚಾರಿಸಿ, ಮಡಿಸುವ ಪೀಠವೊಂದನ್ನು ತರಿಸಿದರು. ಇದನ್ನೂ ಗಾಲಿಕುರ್ಚಿಯನ್ನೂ ಅಲ್ಲಿ ಬಿಟ್ಟಿಯಾಗಿ ಎರವಲು ಕೊಡುತ್ತಾರೆಂಬುದು ಮೊದಲ ದಿನ ನಮಗೆ ತಿಳಿದಿರಲಿಲ್ಲ. ಎರಡನೆಯದಾಗಿ ಆಕೆ ಕೇಳಿದ್ದು, ‘ನೀವು ಯಾವುದನ್ನು ನೋಡದೆ ಹಿಂದಿರುಗಿದರೆ ಮನಸ್ಸಿಗೆ ಕೊರತೆಯಾಗಿ ಉಳಿಯುತ್ತದೆ?’ ಎಂದು. ಈ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಾಗ ಮಾವನವರು ಕ್ಷಣಮಾತ್ರವೂ ಯೋಚಿಸಲಿಲ್ಲ. ‘ಸಮೋಥ್ರೇಸಿನ ಜಯದೇವತೆ, ಅದರ ರೆಕ್ಕೆ’ ಎಂದರು. ಆಕೆ ಕಾಗದದ ಮೇಲೆ ಐದು ಹೆಸರುಗಳನ್ನು ಬರೆದುಕೊಂಡು, ‘ಮೂರು ಗಂಟೆಗೆ ಇಷ್ಟು ಧಾರಾಳವಾಯಿತು’ ಎಂದರು.

ಮೊದಲು ಕರೆದುಕೊಂಡು ಹೋದದ್ದು ನೆಲದಡಿಗೆ. ಅಲ್ಲಿ ಯಾವ ಚಿತ್ರವೂ ಇಲ್ಲ. ಒರಟು ಕಲ್ಲಿನ ದಪ್ಪ ಗೋಡೆಯ ಬುಡ, ದುಂಡು ಗೋಪುರಗಳ ತಳಪಾಯ, ನೀರಿಲ್ಲದ ಕಂದಕ. 1190ರ ಸುಮಾರಿನಲ್ಲಿ ಎರಡನೆಯ ಫಿಲಿಪ್ ದೊರೆ ಪ್ಯಾರಿಸ್ಸಿನ ರಕ್ಷಣೆಗಾಗಿ ಕಟ್ಟಿಸಲಾರಂಭಿಸಿದ ಕೋಟೆ ಇದು. 1546ರಲ್ಲಿ ಮೊದಲನೆಯ ಫ್ರಾನ್ಸಿಸ್ ದೊರೆ ಹಳೆಯದನ್ನು ಕೆಡವಿ ಅರಮನೆಯನ್ನು ಕಟ್ಟಿಸತೊಡಗಿದ. 1682ರಲ್ಲಿ ಹದಿನಾಲ್ಕನೆಯ ಲೂಯಿ ತನ್ನ ದರ್ಬಾರನ್ನು ವರ್ಸೇಲ್ಸಿಗೆ ಸಾಗಿಸಿದ. ಕ್ರಾಂತಿಯ ಕಾಲದಲ್ಲಿ, 1793ನೆಯ ಆಗಸ್ಟ್ 10ರಂದು, ಅರಸೊತ್ತಿಗೆ ಉರುಳಿದ ದಿನದ ವಾರ್ಷಿಕದಲ್ಲಿ, ಇದು ಜನರ ಸಂಗ್ರಹಾಲಯವಾಗಿ ತೆರೆಯಿತು. ಪೇ ಎಂಬ ಶಿಲ್ಪಿ ನಿರ್ಮಿಸಿದ ಗಾಜಿನ ಪಿರಮಿಡ್ಡು 1989ರದು. ಇಷ್ಟು ಚರಿತ್ರೆಯನ್ನು ಆಕೆ ಹೇಳಿ ಮುಗಿಸಿದ್ದು ಹತ್ತು ನಿಮಿಷದಲ್ಲಿ. ‘ಈ ಗೋಡೆಯನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ, ಮೇಲೆ ನೋಡುವುದೆಲ್ಲ ಅರಸರ ಮನೆಯಲ್ಲಿ ಪ್ರಜೆಗಳು ತೂಗುಹಾಕಿರುವುದು’ ಎಂದರು. ಹಿಂದಿನ ದಿನ ದಾರಿ ತಪ್ಪಿಸಿದ್ದ ಆ ಕಟ್ಟಡ ಈಗ ಒಂದು ಕ್ರಮವಾಗಿ ಮನಸ್ಸಿಗೆ ಹತ್ತಿತು.

ಅನಂತರ ಜಯದೇವತೆ. ದಾರು ಎಂಬ ಹೆಸರಿನ ವಿಶಾಲವಾದ ಮೆಟ್ಟಿಲುಗಳ ತುದಿಯಲ್ಲಿ, ಹಡಗಿನ ಮೂತಿಯ ಮೇಲೆ, ಗಾಳಿಗೆ ಎದುರಾಗಿ ನಿಂತಿರುವ ತಲೆಯಿಲ್ಲದ ವಿಗ್ರಹ. ಕ್ರಿಸ್ತಪೂರ್ವ 190ರ ಸುಮಾರಿನದು. 1863ರಲ್ಲಿ ಶಾಂಪ್ವಾಸೋ ಎಂಬ ಫ್ರೆಂಚ್ ರಾಜತಾಂತ್ರಿಕ ಏಗಿಯನ್ ಸಮುದ್ರದ ಸಮೋಥ್ರೇಸ್ ದ್ವೀಪದಲ್ಲಿ ಇದನ್ನು ಅಗೆಸಿ ತೆಗೆಸಿದಾಗ ದೊರೆತದ್ದು ವಿಗ್ರಹವಲ್ಲ, ನೂರಕ್ಕೂ ಮೀರಿದ ಚೂರುಗಳು. ಬಿಳಿಯ ಮೈ ಪಾರೋಸ್ ದ್ವೀಪದ ಅಮೃತಶಿಲೆ. ಬೂದುಬಣ್ಣದ ಹಡಗು ರೋಡ್ಸ್ ದ್ವೀಪದ ಕಲ್ಲು. ನಮ್ಮ ಮಾವನವರು ಪೀಠವನ್ನು ಕೇಳಲಿಲ್ಲ; ಮೆಟ್ಟಿಲ ಪಕ್ಕದ ಕಲ್ಲನ್ನು ಹಿಡಿದುಕೊಂಡು ನಿಂತೇ ನೋಡುತ್ತಿದ್ದರು. ಮಾರ್ಗದರ್ಶಿ ಒಂದು ಮಾತನ್ನೂ ಆಡಲಿಲ್ಲ. ಐದಾರು ನಿಮಿಷವಾದ ಮೇಲೆ, ‘ಯಾವ ಭಾಗ ನಿಮಗೆ ಹಿಡಿಸಿತು?’ ಎಂದು ಕೇಳಿದರು. ಮಾವನವರು ಬಲಗಡೆಯ ರೆಕ್ಕೆಯನ್ನು ತೋರಿಸಿ, ಅದರ ಅಂಚಿನ ಏರುರೇಖೆಯನ್ನು ಗಾಳಿಯಲ್ಲಿ ಬೆರಳಿನಿಂದ ಬರೆದರು. ಈ ರೇಖೆಯಿಂದಲೇ ತಾವು ಹುಡುಗರಿಗೆ ಪಾಠವನ್ನು ಆರಂಭಿಸುತ್ತಿದ್ದುದಾಗಿಯೂ, ಗ್ರೀಕ್ ಉಳಿಯ ಹತೋಟಿ ಎಂದರೆ ಇದು ಎಂದು ಹೇಳಿಕೊಡುತ್ತಿದ್ದುದಾಗಿಯೂ ತಿಳಿಸಿದರು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಗ್ಗಿದ ದನಿಯಲ್ಲಿ, ‘ಬಲಗಡೆಯ ರೆಕ್ಕೆ ಗಾರೆಯದು’ ಎಂದರು.

ಸಂಗತಿ ನಿಜವಾದದ್ದೇ. ದೊರೆತ ಚೂರುಗಳಿಂದ ಎಡಗಡೆಯ ರೆಕ್ಕೆಯನ್ನು ಜೋಡಿಸಲು ಸಾಧ್ಯವಾಯಿತು. ಬಲಗಡೆಯದಕ್ಕೆ ಸಾಕಷ್ಟು ಉಳಿದಿರಲಿಲ್ಲ. 1880ರಿಂದ 1883ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ, ಎಡಗಡೆಯದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಬಲಗಡೆಯದನ್ನು ಗಾರೆಯಲ್ಲಿ ಮಾಡಿ ಕೂಡಿಸಿದರು. ಇದನ್ನು ಕನ್ನಡದಲ್ಲಿ ಹೇಳುವ ಕೆಲಸ ನಮ್ಮದಾಗಿತ್ತು. ಒಂದು ಗಳಿಗೆ ಹೇಳದೆ ಬಿಟ್ಟುಬಿಡೋಣವೆಂದು ಕೂಡ ಅನ್ನಿಸಿತು. ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಪಾಠ ತಪ್ಪು ಎಂದು, ಅದೂ ಇಂಥ ಜಾಗದಲ್ಲಿ, ಹೇಗೆ ಹೇಳುವುದು? ನಾವೂ ಮೇಷ್ಟರ ಜಾತಿಯವರೇ ಆದುದರಿಂದ ಈ ಸಂಕಟ ನಮಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಮಾವನವರಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ನಾವು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅರ್ಥಮಾಡಿಕೊಂಡಿದ್ದರು. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಹಾಗಾದರೆ ನಾನು ಅಷ್ಟು ಹುಡುಗರಿಗೆ ತಿದ್ದಿಸಿದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ರೆಕ್ಕೆ. ಇರಲಿ, ಅದರ ಊರಿಗೇ ಬಂದು ತಿಳಿದುಕೊಂಡ ಹಾಗಾಯಿತು’ ಎಂದರು. ನಕ್ಕರು ಎಂದು ಹೇಳಲಾರೆವು. ಆದರೆ ಮುಖ ಬಿಗಿದದ್ದು ಸಡಿಲವಾಯಿತು.

ಇಲ್ಲಿಗೆ ಬಿಟ್ಟಿದ್ದರೆ ಆಕೆ ಒಂದು ಸುದ್ದಿಯನ್ನು ಹೇಳಿದ ಹಾಗಾಗುತ್ತಿತ್ತು, ಅಷ್ಟೆ. ಆಕೆ ಅವರ ಕೈಹಿಡಿದು ವಿಗ್ರಹದ ಎಡಪಕ್ಕದ ಓರೆಗೆ ಕರೆದುಕೊಂಡು ಹೋದರು. ಈ ವಿಗ್ರಹವನ್ನು ಶಿಲ್ಪಿ ಕಡೆದದ್ದು ಅಲ್ಲಿಂದ ನೋಡುವುದಕ್ಕಾಗಿ. ಬಲಪಕ್ಕದ ಕೆಲಸವನ್ನು ಅವನು ಅಷ್ಟು ನಯಮಾಡಿಲ್ಲ. ಅಲ್ಲಿ ನಿಂತಾಗ ಒದ್ದೆಯ ಬಟ್ಟೆ ಹೊಟ್ಟೆಗೆ ಅಂಟಿಕೊಂಡದ್ದು, ಮೊಣಕಾಲಿನ ಹತ್ತಿರ ಗಾಳಿಗೆ ಸಿಕ್ಕಿ ಸುತ್ತಿಕೊಂಡದ್ದು, ನಿಜವಾದ ಕಲ್ಲಿನ ರೆಕ್ಕೆ ಹಿಂದಕ್ಕೆ ಬಾಚಿಕೊಂಡದ್ದು ಒಟ್ಟಿಗೆ ಕಾಣಿಸುತ್ತವೆ. ಹತ್ತಿರದಲ್ಲಿಯೇ ಗಾಜಿನ ಪೆಟ್ಟಿಗೆಯಲ್ಲಿ ಒಂದು ಬಲಗೈ ಇದೆ. 1950ರಲ್ಲಿ ಆ ದ್ವೀಪದಲ್ಲಿಯೇ ದೊರೆತದ್ದು. ದೇವತೆ ಕೈಯಲ್ಲಿ ಕಹಳೆಯನ್ನು ಹಿಡಿದಿದ್ದಳೆಂದು ಅದುವರೆಗೆ ಹಲವರು ಊಹಿಸಿದ್ದರು. ದೊರೆತ ಕೈ ಬಿಚ್ಚಿದ ಕೈ, ಅದರಲ್ಲಿ ಏನೂ ಇದ್ದ ಗುರುತಿಲ್ಲ. ‘ನೋಡಿದಿರಾ, ಪಂಡಿತರ ಪಾಠವೂ ತಿದ್ದಿಹೋಯಿತು’ ಎಂದು ಆಕೆ ಹೇಳಿದಾಗ ಮಾವನವರು ಈ ಸಲ ನಿಜವಾಗಿಯೇ ನಕ್ಕರು.

ಅಲ್ಲಿಂದ ಮೋನಾ ಲೀಸಾಳ ಚಿತ್ರವಿರುವ ದೊಡ್ಡ ಕೊಠಡಿಗೆ ಹೋದೆವು. 77 ಸೆಂಟಿಮೀಟರ್ ಉದ್ದ, 53 ಸೆಂಟಿಮೀಟರ್ ಅಗಲದ ಹಲಗೆ. ಅದರ ಮುಂದೆ ಗಾಜು. ಗಾಜಿನ ಮುಂದೆ ಕಟಕಟೆ. ಕಟಕಟೆಯ ಮುಂದೆ ಎತ್ತಿ ಹಿಡಿದ ಮೊಬೈಲುಗಳ ಒಂದು ಕಾಡು. ಫ್ಲಾರೆನ್ಸಿನ ರೇಷ್ಮೆ ವ್ಯಾಪಾರಿಯ ಹೆಂಡತಿಯಾದ ಲೀಸಾ ಗೆರಾರ್ದಿನಿಯ ಈ ಚಿತ್ರವನ್ನು ಲಿಯೊನಾರ್ದೊ ಆರಂಭಿಸಿದ್ದು 1503ರ ಸುಮಾರಿಗೆ. 1911ನೆಯ ಆಗಸ್ಟ್ 21ರಂದು ಪೆರುಜಿಯಾ ಎಂಬುವನು ಇದನ್ನು ಕದ್ದುಕೊಂಡು ಹೋದ. 1913ರ ಡಿಸೆಂಬರಿನಲ್ಲಿ ಫ್ಲಾರೆನ್ಸಿನಲ್ಲಿ ಸಿಕ್ಕಿತು. ಅದು ಇಲ್ಲದಿದ್ದಾಗ ಖಾಲಿ ಗೋಡೆಯನ್ನು ನೋಡುವುದಕ್ಕೂ ಜನ ಸಾಲುಗಟ್ಟಿ ಬಂದರಂತೆ. ಜನಸಂದಣಿಯ ದೆಸೆಯಿಂದ ಈ ಚಿತ್ರಕ್ಕೆ ಪ್ರತ್ಯೇಕವಾದ ಕೊಠಡಿಯೊಂದನ್ನು ಮಾಡುವುದಾಗಿ 2025ರ ಜನವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷರು ಪ್ರಕಟಿಸಿದ್ದಾರೆ.

ಮಾರ್ಗದರ್ಶಿ ನಮ್ಮನ್ನು ಆ ಸಾಲಿಗೆ ಒಯ್ಯಲಿಲ್ಲ. ‘ಹಿಂದಿರುಗಿ ನಿಲ್ಲಿ’ ಎಂದರು. ಹಿಂದಿರುಗಿದರೆ ಎದುರಿನ ಗೋಡೆಯ ತುಂಬ ವೆರೊನೇಸೆಯ ‘ಕಾನಾ ಊರಿನ ಮದುವೆ’. ಸುಮಾರು ಏಳು ಮೀಟರ್ ಎತ್ತರ, ಹತ್ತು ಮೀಟರ್ ಅಗಲ. ಹಿಂದಿನ ದಿನ ಇದೇ ಕೊಠಡಿಯಲ್ಲಿ ಅರ್ಧ ಗಂಟೆ ನಿಂತಿದ್ದೆವು. ಲೂವ್ರ್‌ನ ಎಲ್ಲ ಚಿತ್ರಗಳಿಗಿಂತ ದೊಡ್ಡದಾದ ಈ ಚಿತ್ರ ಬೆನ್ನ ಹಿಂದೆ ಇದೆಯೆಂದು ನಮಗೆ ತಿಳಿದಿರಲೇ ಇಲ್ಲ! ಕ್ರಿಸ್ತನು ನೀರನ್ನು ದ್ರಾಕ್ಷಾರಸವಾಗಿ ಮಾಡಿದನೆಂಬ ಕಥೆ ಇದರ ವಸ್ತು. ಆದರೆ ಚಿತ್ರದಲ್ಲಿರುವುದು ಹದಿನಾರನೆಯ ಶತಮಾನದ ವೆನಿಸ್ಸಿನ ಒಂದು ಭಾರಿ ಮದುವೆಯ ಊಟ. ನೂರಮೂವತ್ತರಷ್ಟು ಜನ, ಬಡಿಸುವವರು, ಬಗ್ಗಿಸುವವರು, ಮೂಸಿ ನೋಡುವವರು, ವಾದ್ಯದವರು, ನಾಯಿಗಳು. ನಮ್ಮ ಕಡೆಯ ಮದುವೆಯ ಪಂಕ್ತಿಯನ್ನು ಬಲ್ಲವರಿಗೆ ಈ ಗದ್ದಲ ಹೊಸದಲ್ಲ. ಮಧ್ಯದಲ್ಲಿ ಕುಳಿತ ಕ್ರಿಸ್ತನನ್ನು ಮಾತ್ರ ಊಟಕ್ಕೆ ಕುಳಿತವರು ಯಾರೂ ನೋಡುತ್ತಿಲ್ಲ. ಅವನ ತಲೆಯ ನೇರಕ್ಕೆ, ಮೇಲಿನ ಮೊಗಸಾಲೆಯಲ್ಲಿ, ಒಬ್ಬ ಮಾಂಸವನ್ನು ಕತ್ತರಿಸುತ್ತಿದ್ದಾನೆ. ಮುಂದೆ ಬರತಕ್ಕ ಬಲಿದಾನದ ಸೂಚನೆ ಅದು ಎಂದು ಹೇಳುತ್ತಾರೆ.

ಈ ಚಿತ್ರ ಇಲ್ಲಿಗೆ ಬಂದ ಬಗೆಯನ್ನು ಆಕೆ ಮುಚ್ಚಿಡಲಿಲ್ಲ. ವೆನಿಸ್ಸಿನ ಒಂದು ಮಠದ ಭೋಜನಶಾಲೆಗೆಂದು 1563ರಲ್ಲಿ ಮುಗಿದ ಚಿತ್ರ. 1797ರಲ್ಲಿ ನೆಪೋಲಿಯನ್ನನ ದಂಡು ಇದನ್ನು ಕಿತ್ತು, ಕತ್ತರಿಸಿ, ಸುತ್ತಿ, ಪ್ಯಾರಿಸ್ಸಿಗೆ ಸಾಗಿಸಿತು. ನೆಪೋಲಿಯನ್ ಸೋತಮೇಲೆ ಹಲವು ಚಿತ್ರಗಳು ಹಿಂದಿರುಗಿದವು; ಇದು ಹಿಂದಿರುಗಲಿಲ್ಲ. 2007ರಲ್ಲಿ ಇದರ ಯಥಾಪ್ರತಿಯೊಂದನ್ನು ಆ ಭೋಜನಶಾಲೆಯ ಗೋಡೆಯ ಮೇಲೆ ಇಟ್ಟಿದ್ದಾರೆ. ‘ಮೂಲ ಇಲ್ಲಿದೆ, ಅದರ ಮನೆ ಅಲ್ಲಿದೆ’ ಎಂದು ಆಕೆ ಹೇಳಿ, ತೀರ್ಪನ್ನು ನಮಗೆ ಬಿಟ್ಟರು. ತಮ್ಮ ದೇಶದ ಹೆಮ್ಮೆಯ ಜಾಗದಲ್ಲಿ ನಿಂತು ಪರದೇಶದವರಿಗೆ ಇಷ್ಟನ್ನು ಹೇಳಬಲ್ಲವರನ್ನು ನಾವು ಮೆಚ್ಚಿದೆವು. ಊರ ದೇವರನ್ನು ಕಳೆದುಕೊಂಡ ಗುಡಿಗಳು ನಮ್ಮಲ್ಲಿಯೂ ಉಂಟಾದಕಾರಣ ಆ ಮಾತು ನಮಗೆ ತಟ್ಟಿತು.

ಹತ್ತಿರದ ಇನ್ನೊಂದು ಕೊಠಡಿಯಲ್ಲಿ ಜೆರಿಕೊ ಬರೆದ ‘ಮೆದ್ಯೂಸ್ ಹಡಗಿನ ತೆಪ್ಪ’ ಇದೆ. 1816ರ ಜುಲೈಯಲ್ಲಿ ಆಫ್ರಿಕದ ಪಶ್ಚಿಮ ತೀರದ ಬಳಿ ಮೆದ್ಯೂಸ್ ಎಂಬ ಹಡಗು ಮರಳದಿಬ್ಬಕ್ಕೆ ಸಿಕ್ಕಿತು. ಅದರ ಕಪ್ತಾನ ಅನುಭವದಿಂದಲ್ಲ, ಅರಮನೆಯ ಕೃಪೆಯಿಂದ ಆ ಹುದ್ದೆಗೆ ಬಂದವನು. ದೋಣಿಗಳು ಸಾಲದೆ ಸುಮಾರು 147 ಜನರನ್ನು ಒಂದು ತೆಪ್ಪದ ಮೇಲೆ ಬಿಟ್ಟುಹೋದರು. ಹದಿಮೂರು ದಿನದ ಮೇಲೆ ಬದುಕಿ ಸಿಕ್ಕಿದವರು 15 ಮಂದಿ. ಜೆರಿಕೊ ಉಳಿದವರನ್ನು ಕಂಡು ವಿಚಾರಿಸಿ, 1819ರಲ್ಲಿ ಈ ಚಿತ್ರವನ್ನು ಪ್ರದರ್ಶನಕ್ಕೆ ಇಟ್ಟ. ಇಲ್ಲಿ ಮಾರ್ಗದರ್ಶಿ ಕಥೆಯನ್ನು ಮೊದಲು ಹೇಳಲಿಲ್ಲ. ‘ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಹೋಯಿತು?’ ಎಂದು ಕೇಳಿದರು. ಕೆಳಗೆ ಎಡಗಡೆ ಸತ್ತ ಮಗನನ್ನು ತೊಡೆಯ ಮೇಲೆ ಇಟ್ಟುಕೊಂಡ ಮುದುಕನಿಂದ ಹೊರಟ ನಮ್ಮ ಕಣ್ಣು, ಒಬ್ಬರ ಮೇಲೊಬ್ಬರು ಒರಗಿದ ಮೈಗಳ ಮೇಲೆ ಹತ್ತಿ, ತುದಿಯಲ್ಲಿ ಬಟ್ಟೆ ಬೀಸುತ್ತಿರುವ ಕರಿಯನ ಕೈಗೆ ಮುಟ್ಟಿತ್ತು. ‘ಅವನು ಯಾರಿಗೆ ಬೀಸುತ್ತಿದ್ದಾನೆ?’ ಎಂದಾಗ ಹುಡುಕಿದೆವು. ದಿಗಂತದಲ್ಲಿ ಸಾಸಿವೆಯಷ್ಟು ಒಂದು ಹಡಗು. ಅದು ಬರುತ್ತಿದೆಯೋ ಹೋಗುತ್ತಿದೆಯೋ ಹೇಳಲಾಗದು. ಐದು ಮೀಟರ್ ಎತ್ತರದ ಚಿತ್ರದಲ್ಲಿ ಅವರ ಪ್ರಾಣವೆಲ್ಲ ನಿಂತಿರುವುದು ಆ ಒಂದು ಚುಕ್ಕೆಯ ಮೇಲೆ. ಯಾರೂ ಕೇಳದಿದ್ದರೆ ನಾವು ಅದನ್ನು ನೋಡುತ್ತಿರಲಿಲ್ಲ.

ಕೊನೆಗೆ, ಲಿಫ್ಟಿನಲ್ಲಿ ಎರಡನೆಯ ಮಹಡಿಗೆ ಹೋಗಿ, ಡಚ್ಚರ ಚಿತ್ರಗಳಿರುವ ಸಣ್ಣ ಕೊಠಡಿಗಳನ್ನು ಸೇರಿದೆವು. ಕೆಳಗಿನ ಸಂತೆ ಇಲ್ಲಿ ಕೇಳಿಸುವುದಿಲ್ಲ. ವರ್ಮೀರ್ ಬರೆದ ‘ಕಸೂತಿಯ ಹೆಣ್ಣು’ ಎಂಬ ಚಿತ್ರದ ಮುಂದೆ ಮಾವನವರಿಗೆ ಪೀಠವನ್ನು ಹಾಕಿದರು. 24 ಸೆಂಟಿಮೀಟರಿಗೆ 21 ಸೆಂಟಿಮೀಟರ್. ಹುಡುಗರ ಪಾಠದ ಪುಸ್ತಕದಷ್ಟು. 1669-70ರ ಸುಮಾರಿನದು. ಹಳದಿಯ ಕುಪ್ಪಸದ ಒಬ್ಬ ತರುಣಿ ತಲೆ ಬಾಗಿಸಿ ಲೇಸನ್ನು ಹೆಣೆಯುತ್ತಿದ್ದಾಳೆ. ಮುಂದುಗಡೆಯ ನೀಲಿಯ ದಿಂಬಿನಿಂದ ಕೆಂಪು ಮತ್ತು ಬಿಳಿಯ ನೂಲು ಹೊರಗೆ ಚೆಲ್ಲಿದೆ. ಆ ನೂಲನ್ನು ಬರೆದಿಲ್ಲ, ಬಣ್ಣವನ್ನೇ ಹರಿಯಬಿಟ್ಟಂತಿದೆ. ಅವಳ ಬೆರಳುಗಳ ನಡುವಿನ ಎಳೆ ಮಾತ್ರ ಕೂದಲಿನಷ್ಟು ಸ್ಫುಟ. ಏಕಾಗ್ರವಾಗಿ ಕೆಲಸಮಾಡುವವರಿಗೆ ಹತ್ತಿರದ ಬೇರೆ ವಸ್ತುಗಳು ಮಸುಕಾಗಿ, ಕೈಯ ಕೆಲಸ ಒಂದೇ ಸ್ಪಷ್ಟವಾಗಿ ಕಾಣುವ ಹಾಗೆ, ಎಂದು ಆಕೆ ವಿವರಿಸಿದರು.

ಮಾವನವರು ಕೇಳುತ್ತಿದ್ದರೋ ಇಲ್ಲವೋ. ಸ್ವಲ್ಪ ಹೊತ್ತಿನ ಮೇಲೆ, ‘ಬೆಳಕು ಬಲಗಡೆಯಿಂದ ಬರುತ್ತಿದೆ’ ಎಂದರು. ಆಕೆ ಹೌದೆಂದು ಒಪ್ಪಿ, ಈ ಚಿತ್ರಕಾರನ ಬಹುಪಾಲು ಚಿತ್ರಗಳಲ್ಲಿ ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತದೆ, ಲೂವ್ರ್‌ಗೇ ಸೇರಿದ ಅವನ ‘ಖಗೋಳಶಾಸ್ತ್ರಿ’ಯಲ್ಲಿಯೂ ಹಾಗೆಯೇ, ಇದು ವಿರಳ, ಎಂದರು. ‘ವಿರಳ ಎಂಬುದು ಕಾರಣವಲ್ಲವಲ್ಲ’ ಎಂದು ಮಾವನವರು ಕನ್ನಡದಲ್ಲಿ ಹೇಳಿ, ಮುಂದುವರಿಸಿದರು. ‘ನಾನು ತರಗತಿಯಲ್ಲಿ ಹುಡುಗರನ್ನು ಕೂರಿಸುವಾಗ ಕಿಟಕಿ ಅವರ ಎಡಗಡೆಗೆ ಇರುವಂತೆ ಕೂರಿಸುತ್ತಿದ್ದೆ. ಬಲಗಡೆಗೆ ಇದ್ದರೆ ತಮ್ಮ ಕೈಯ ನೆರಳು ತಮ್ಮ ಕೆಲಸದ ಮೇಲೆಯೇ ಬೀಳುತ್ತದೆ. ಚಿತ್ರಕಾರನಿಗೂ ಅದೇ ನಿಯಮ. ಆದರೆ ಈ ಹೆಣ್ಣು ನಮಗೆ ಎದುರಾಗಿ ಕುಳಿತಿದ್ದಾಳೆ. ನಮಗೆ ಬಲವಾದದ್ದು ಅವಳಿಗೆ ಎಡ. ಈ ಸಲ ಅವನು ಬೆಳಕನ್ನು ತನಗೆ ಇಟ್ಟುಕೊಳ್ಳದೆ ಅವಳ ಕೆಲಸಕ್ಕೆ ಬಿಟ್ಟುಕೊಟ್ಟಿದ್ದಾನೆ.’

ನಾವು ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮಾರ್ಗದರ್ಶಿ ಚಿತ್ರದ ಹತ್ತಿರಕ್ಕೆ ಹೋಗಿ ಬಹಳ ಹೊತ್ತು ನೋಡಿದರು. ಇಪ್ಪತ್ತು ವರ್ಷದಿಂದ ಜನರನ್ನು ಇಲ್ಲಿಗೆ ಕರೆತರುತ್ತಿದ್ದೇನೆ, ಹೀಗೆ ಯೋಚಿಸಿರಲಿಲ್ಲ, ಎಂದರು. ಚಿತ್ರಕಾರನ ಉದ್ದೇಶ ಅದೇ ಆಗಿತ್ತೆಂದು ಯಾರೂ ಪ್ರಮಾಣಮಾಡಿ ಹೇಳಲಾರರು, ಮಾವನವರೂ ಹೇಳಲಿಲ್ಲ. ಆದರೆ ಬೆಳಗ್ಗೆ ರೆಕ್ಕೆಯ ವಿಷಯದಲ್ಲಿ ಪಾಠವನ್ನು ಕಳೆದುಕೊಂಡಿದ್ದ ಮೇಷ್ಟರು ಮಧ್ಯಾಹ್ನ ಪಾಠವೊಂದನ್ನು ಹೇಳಿದ ಹಾಗಾಯಿತು. ಆಕೆ ಚೀಟಿಯನ್ನು ತೆಗೆದು ಅದನ್ನು ಬರೆದುಕೊಂಡರು.

ಇಷ್ಟನ್ನು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ಮಾರ್ಗದರ್ಶಿಯಿಂದ ಹೆಚ್ಚು ವಸ್ತುಗಳನ್ನು ನೋಡಬಹುದೆಂದು ಹಲವರು ತಿಳಿದಿರುತ್ತಾರೆ. ನಾವು ನೋಡಿದ್ದು ಹಿಂದಿನ ದಿನದ ನೂರರಲ್ಲಿ ಒಂದು ಪಾಲೂ ಇರಲಾರದು. ಧ್ವನಿಯಂತ್ರವೂ ಗ್ರಂಥವೂ ಚೆನ್ನಾಗಿಯೇ ವಿವರಿಸುತ್ತವೆ. ಆದರೆ ಅವು ಪ್ರಶ್ನೆ ಕೇಳುವುದಿಲ್ಲ, ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ನಮಗಾಗಿಯೇ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದರ ಸಾರ್ಥಕ್ಯವೆಲ್ಲ ಈ ಸಂಭಾಷಣೆಯಲ್ಲಿದೆ. ತಿಳಿದವರು ಒಬ್ಬರು, ನೋಡುವವರು ಒಬ್ಬರು, ನಡುವೆ ಒಂದು ವಸ್ತು. ಮಾತು ಅತ್ತಲಿಂದಲೂ ಇತ್ತಲಿಂದಲೂ ಹೋಗಬೇಕು. ನೋಡುವವನು ಬಾಯಿ ತೆರೆಯದೆ ಇದ್ದರೆ, ಎಷ್ಟು ದೊಡ್ಡ ವಿದ್ವಾಂಸರನ್ನು ಗೊತ್ತುಮಾಡಿಕೊಂಡರೂ ಅದು ಧ್ವನಿಯಂತ್ರಕ್ಕೆ ಹೆಚ್ಚಿನ ಬಾಡಿಗೆ ಕೊಟ್ಟಂತೆಯೇ ಸರಿ. ಅಪಾಯವಿರುವುದೂ ಇಲ್ಲಿಯೇ. ಅವರು ಮೆಚ್ಚಿದ್ದನ್ನು ಮೆಚ್ಚಿ, ಅವರು ನಿಂತಲ್ಲಿ ನಿಂತು, ನಮ್ಮ ಕಣ್ಣನ್ನು ಅವರ ಕೈಗೆ ಒಪ್ಪಿಸಿಬಿಡುವುದು ಬಹಳ ಸುಲಭ.

ಹೋಗಬೇಕೆಂದಿರುವವರಿಗೆ ಎರಡು ಮೂರು ಸೂಚನೆಗಳನ್ನು ಕೊಡಬಹುದು. ಲೂವ್ರ್‌ಗೆ ಮಂಗಳವಾರ ರಜೆ. 2024ನೆಯ ಒಂದು ವರ್ಷದಲ್ಲಿ ಅದನ್ನು ನೋಡಿದವರು 87 ಲಕ್ಷ ಜನ. ಆದುದರಿಂದ ಟಿಕೆಟ್ಟನ್ನೂ ಅದರ ಗಂಟೆಯನ್ನೂ ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದು ಅವಶ್ಯ. ಮಾರ್ಗದರ್ಶಿಗೆ ಸರ್ಕಾರದ ಚೀಟಿ ಇದೆಯೇ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ. ನಿಮ್ಮ ಉದ್ಯೋಗವನ್ನೂ ಅಭಿರುಚಿಯನ್ನೂ ಮೊದಲೇ ಅವರಿಗೆ ತಿಳಿಸಿ; ವೈದ್ಯರು ನೋಡುವ ಬಗೆ ಬೇರೆ, ನೇಯ್ಗೆಯವರು ನೋಡುವ ಬಗೆ ಬೇರೆ. ಪಟ್ಟಿ ಐದಾರಕ್ಕೆ ಮೀರದಿರಲಿ. ಒಂದು ವಸ್ತುವಿನ ಮುಂದೆ ಮಾತಿಲ್ಲದೆ ನಿಲ್ಲಲು ಅವಕಾಶ ಕೊಡಬೇಕೆಂದು ಕೇಳಿಕೊಳ್ಳಿ. ಒಳ್ಳೆಯ ಮಾರ್ಗದರ್ಶಿ ಅದನ್ನು ಕೇಳದೆಯೇ ಕೊಡುತ್ತಾರೆ.

ಮಾವನವರು ಈಗ ಮನೆಯಲ್ಲಿಯೇ ಇರುತ್ತಾರೆ. ಮೊಣಕಾಲು ಮೊದಲಿಗಿಂತ ಕೆಟ್ಟಿದೆ. ಅವರು ಬಹಳ ಹಿಂದೆ ಪೆನ್ಸಿಲಿನಲ್ಲಿ ಬರೆದ ಜಯದೇವತೆಯ ಪಟ ಅವರ ಕೊಠಡಿಯ ಗೋಡೆಯ ಮೇಲೆ ಇಂದೂ ಇದೆ. ಪ್ಯಾರಿಸ್ಸಿನಿಂದ ಬಂದ ವಾರದಲ್ಲಿ ಅದನ್ನು ಕೆಳಗೆ ಇಳಿಸಿ, ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ, ‘ಬಲಗಡೆಯ ರೆಕ್ಕೆ ಗಾರೆಯದು, ಎಡಗಡೆಯಿಂದ ನೋಡತಕ್ಕದ್ದು’ ಎಂದು ಬರೆದು, ಮತ್ತೆ ಅಲ್ಲಿಯೇ ತೂಗುಹಾಕಿದರು. ಹಳೆಯ ವಿದ್ಯಾರ್ಥಿಗಳು ಯಾರಾದರೂ ಬಂದರೆ ಅದನ್ನು ಅವರಿಗೆ ತೋರಿಸುವುದನ್ನು ಮರೆಯುವುದಿಲ್ಲ.